ಬ್ರಹ್ಮಗಿರಿಗೆ ಕಾಲುನಡಿಗೆ

ಚಳ್ಳಕೆರೆಯಿಂದ ಬ್ರಹ್ಮಗಿರಿಗೆ ಹೋಗಲು ಇಂದು ಯಾರೂ ನಡೆಯಬೇಕಾಗಿಲ್ಲ. ಬಳ್ಳಾರಿಯ ಹೆದ್ದಾರಿಯಲ್ಲಿ ಬಸ್ಸುಗಳಿಗೆ ಕೊರತೆಯಿಲ್ಲ. ಆದರೂ ಊರಿನ ಒಂದು ಕುಟುಂಬವು ಪುಷ್ಯಮಾಸದ ತಂಪನ್ನು ನೋಡಿಕೊಂಡು, ನಾಯಕನಹಟ್ಟಿಯನ್ನು ಬಳಸಿ ನಾಲ್ಕು ದಿನಗಳ ದಾರಿಯನ್ನು ನಡೆದೇ ಸವೆಸಲು ನಿಶ್ಚಯಿಸಿತು. ಎಪ್ಪತ್ತು ದಾಟಿದ ತಾತ, ಮಗ, ಸೊಸೆ, ಹನ್ನೆರಡರ ಹುಡುಗಿ, ಎಂಟರ ಹುಡುಗ, ಇಷ್ಟೇ ಪರಿವಾರ. ಪ್ರತಿಯೊಬ್ಬರ ಬೆನ್ನಿಗೂ ಅವರವರ ಶಕ್ತಿಗೆ ತಕ್ಕ ಗಂಟು. ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಊರಿನದೇ ಕಂಬಳಿ. ಎಲ್ಲಕ್ಕಿಂತ ಭಾರವಾದುದು ನೀರು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ಇದೊಂದಾದುದರಿಂದ, ಆ ಹೊರೆಯನ್ನು ಮಾತ್ರ ಸೊಸೆಯು ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ.

ಮೊದಲ ದಿನದ ದಾರಿ ತಾತನಿಗೆ ಹೊಸದಲ್ಲ. ತಿಪ್ಪೇರುದ್ರಸ್ವಾಮಿಯ ಫಾಲ್ಗುಣದ ತೇರಿಗೆ ಅವರು ಬಾಲ್ಯದಿಂದಲೂ ನಡೆದು ಹೋದವರು. ಆಗ ಅಮೃತಮಹಲ್ ಕಾವಲಿನ ಹುಲ್ಲಿನಲ್ಲಿ ಅಡ್ಡಹಾಯ್ದರೆ ಸಾಕಿತ್ತು. 2010ರ ಆಸುಪಾಸಿನಲ್ಲಿ ಕುದಾಪುರದ ಸುತ್ತಿನ ಕಾವಲು ವಿಜ್ಞಾನ ಸಂಸ್ಥೆಗಳಿಗೂ ರಕ್ಷಣಾ ಸಂಶೋಧನೆಗೂ ಹಂಚಿಕೆಯಾಗಿ, ಇಂದು ಅಲ್ಲಿ ಗೋಡೆ ನಿಂತಿದೆ. ಹುಡುಗನು ಗೋಡೆಯ ಪಕ್ಕದಲ್ಲಿ ಹೆಜ್ಜೆಗಳನ್ನು ಎಣಿಸತೊಡಗಿ ಸಾವಿರಕ್ಕೆ ಬೇಸತ್ತನು, ಗೋಡೆ ಮುಗಿಯಲಿಲ್ಲ. ವಿದ್ಯೆಯ ಪ್ರಯೋಜನವನ್ನು ಅಲ್ಲಗಳೆಯುವವರಾರು? ಆದರೆ ಕುರಿ ಕಾಯುವವನ ದಾರಿಯೂ ಒಂದು ದಾರಿಯೆಂದು ಎಣಿಸಿದ್ದರೆ ಚೆನ್ನಾಗಿತ್ತು. ಆ ರಾತ್ರಿ ನಾಯಕನಹಟ್ಟಿಯಲ್ಲಿ ಕಳೆಯಿತು. ಸ್ವಾಮಿಯು ಕಟ್ಟಿಸಿದನೆಂದು ಜನ ನಂಬುವ ಕೆರೆಗಳ ಕಥೆಯನ್ನು ಕೇಳುತ್ತಲೇ ಮಕ್ಕಳು ನಿದ್ರೆಹೋದರು.

ಎರಡನೆಯ ದಿನ ಬಿ.ಜಿ. ಕೆರೆಯನ್ನು ಮುಟ್ಟುವ ವೇಳೆಗೆ ತಾತನ ಮೊಣಕಾಲು ಊದಿಕೊಂಡಿತ್ತು.

"ಅಪ್ಪಾ, ನಾಳೆ ನೀವು ಬಸ್ಸಿನಲ್ಲಿ ಹೋಗಿ ಮೊಳಕಾಲ್ಮೂರಿನಲ್ಲಿ ಕಾದಿರಿ" ಎಂದನು ಮಗ.

"ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರಿಗೆ ಹೋದವನು ನಾನು. ಈಗ ನನ್ನನ್ನು ಗಂಟಿನಂತೆ ಬಸ್ಸಿಗೆ ಹಾಕುತ್ತೀಯಾ?"

ಮಗನು ಮಾತನಾಡಲಿಲ್ಲ, ಹಟವನ್ನೂ ಬಿಡಲಿಲ್ಲ. ಆ ರಾತ್ರಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ. ಬೆಳಗ್ಗೆ ಸೊಸೆಯು ತಂಬಿಗೆಯನ್ನು ಮುಂದಿಟ್ಟು, "ಮಾವನವರೇ, ನಾವು ಬರುವುದರೊಳಗೆ ತಂಗುವ ಜಾಗವನ್ನೂ ನೀರನ್ನೂ ನೋಡಿಡುವವರು ಯಾರಾದರೂ ಮುಂದೆ ಹೋಗಬೇಕಲ್ಲ" ಎಂದಳು. ಇದು ಉಪಾಯವೆಂದು ಮುದುಕರಿಗೆ ತಿಳಿಯದೆ ಇರಲಿಲ್ಲ. ಆದರೂ ಬಸ್ಸು ಬಂದಾಗ ಏರಿದರು. ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಸಂಜೆ ಮೊಳಕಾಲ್ಮೂರಿನಲ್ಲಿ ಒಬ್ಬ ರೇಷ್ಮೆ ನೇಕಾರರ ಮನೆಯ ಜಗಲಿ ದೊರೆತಿತ್ತು. ಒಂದು ಕೊಡ ನೀರು ತುಂಬಿತ್ತು. ಒಳಗೆ ಮಗ್ಗದ ಸದ್ದು. ತಾತ ಯಾರನ್ನೂ ಗದರಲಿಲ್ಲ. ಮಗನೊಡನೆ ಮಾತನ್ನೂ ಆಡಲಿಲ್ಲ. ನಾಲ್ಕನೆಯ ದಿನ ಯಾರೂ ಹೇಳದೆಯೇ ಬಸ್ಸಿನಲ್ಲಿ ಮುಂದೆ ಹೋಗಿ, ಕೊನೆಯ ಒಂದು ಮೈಲಿಯನ್ನು ಮಾತ್ರ ಕೋಲೂರಿ ಎಲ್ಲರ ಜೊತೆ ನಡೆದರು.

ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. 1947ರಲ್ಲಿ ವೀಲರ್ ಅವರು ಬೆಟ್ಟದ ಬುಡವನ್ನು ಅಗೆಯಿಸಿದರು. ಸುವರ್ಣಗಿರಿಯ ರಾಜಕುಮಾರನ ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆಯಿದು. ಶ್ರಮಪಟ್ಟರೆ ದೊಡ್ಡವನಿಗೆ ದೊರೆಯುವುದು ಸಣ್ಣವನಿಗೂ ದೊರೆತೀತೆಂಬ ಅಭಿಪ್ರಾಯ ಅದರಲ್ಲಿದೆ. ಮಗನು ಮನೆಯಿಂದ ತಂದ ಪುಸ್ತಕವನ್ನು ನೋಡಿಕೊಂಡು ಅರ್ಥ ಹೇಳುತ್ತ ಬಂದನು. ತಾಯಿತಂದೆಗಳ ಮಾತನ್ನು ಕೇಳಬೇಕೆಂಬ ಕಡೆಗೆ ಬಂದಾಗ ಅವನ ದನಿ ತುಸು ತಡೆಯಿತು. ತಾತ ಬೆಟ್ಟದ ಬಂಡೆಗಳನ್ನೇ ನೋಡುತ್ತಿದ್ದರು.

ಶಾಸನದಲ್ಲಿ 256 ಎಂಬ ಸಂಖ್ಯೆಯಿದೆ. ಅದು ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಅನೇಕ ವಿದ್ವಾಂಸರು ಹೇಳುತ್ತಾರೆ; ಬೇರೆ ಅರ್ಥ ಹಚ್ಚಿದವರೂ ಉಂಟು. ಹುಡುಗಿಯು ಅದನ್ನು ಕೇಳಿ, "ನಮ್ಮದು ಎಷ್ಟಾಯಿತು, ತಾತಾ?" ಎಂದಳು.

"ಮೂರು. ಅದರಲ್ಲಿ ಒಂದನ್ನು ನಿಮ್ಮಪ್ಪನೂ ನಾನೂ ಜಗಳದಲ್ಲಿ ಕೆಡಿಸಿದೆವು" ಎಂದರು ತಾತ. ಮಗನು ಪುಸ್ತಕ ಮುಚ್ಚಿ ಅವರ ಪಕ್ಕದಲ್ಲಿ ಕುಳಿತು, ಮೊಣಕಾಲನ್ನು ಮೆಲ್ಲಗೆ ಒತ್ತತೊಡಗಿದನು.

ಲಿಪಿಕಾರ ಚಪಡನು ತನ್ನ ವೃತ್ತಿಯನ್ನು ಹೇಳುವ ಕೊನೆಯ ಪದವನ್ನು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಅದನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನು ತಿಳಿದ ಹುಡುಗನು ತನ್ನ ಹೆಸರನ್ನು ಮಣ್ಣಿನಲ್ಲಿ ಹಿಂದುಮುಂದಾಗಿ ಬರೆಯುತ್ತ ಕುಳಿತನು. ಬಿಸಿಲು ಏರುವ ಮೊದಲು ಇಳಿದು, ಐವರೂ ಒಂದೇ ಬಸ್ಸಿನಲ್ಲಿ ಚಳ್ಳಕೆರೆಗೆ ಮರಳಿದರು.