ಮಾವನ ಅಂಗಡಿ ಕಂಪ್ಯೂಟರು, ನಮ್ಮ ಪೆನ್‌ಡ್ರೈವು

ನಾವಿಬ್ಬರೂ ಸೆಕೆಂಡ್ ಇಯರ್. ಒಬ್ಬರ ಮನೆ ನಂಜನಗೂಡು, ಇನ್ನೊಬ್ಬರದು ಟಿ. ನರಸೀಪುರ. ಎಲ್‌ಕೆಜಿಯಿಂದ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಸೆಮಿಸ್ಟರ್ ರಜೆಯಲ್ಲಿ ಒಂದು ಬೆಳಿಗ್ಗೆ ನರಸೀಪುರದಿಂದ ಮಾವ ಫೋನ್ ಮಾಡಿದರು. ನಮ್ಮಲ್ಲಿ ಒಬ್ಬರಿಗೆ ಸ್ವಂತ ಸೋದರಮಾವ, ಇನ್ನೊಬ್ಬರಿಗೂ ಮಾವನೇ. ಅವರದು ಡಿಟಿಪಿ, ಜೆರಾಕ್ಸ್ ಅಂಗಡಿ. ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಲೋಗೋ ತನಕ ಬಂದು ಮತ್ತೆ ರೀಸ್ಟಾರ್ಟ್ ಆಗ್ತಿದೆ. ರಿಪೇರಿಯವರು ನೋಡಿ, "ಫಾರ್ಮ್ಯಾಟ್ ಮಾಡ್ಬೇಕು, ಒಳಗಿರೋದು ಹೋಗ್ತದೆ" ಅಂದರಂತೆ. ಒಳಗಿರೋದು ಅಂದ್ರೆ ಹತ್ತು ವರ್ಷದ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಅರ್ಜಿ ನಮೂನೆಗಳು. ಬ್ಯಾಕಪ್ ಇಲ್ಲ. ಅದರಲ್ಲೇ ಒಬ್ಬರ ವೈಕುಂಠ ಸಮಾರಾಧನೆಯ ಕಾರ್ಡಿನ ಮ್ಯಾಟರ್ ಇತ್ತು, ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಲಗ್ನಪತ್ರಿಕೆ ಒಂದು ದಿನ ತಡ ಆದ್ರೆ ಬೈಸ್ಕೋಬಹುದು, ತಿಥಿ ಕಾರ್ಡು ತಡ ಆಗೋ ಹಾಗಿಲ್ಲ. "ಇಂಜಿನಿಯರಿಂಗ್ ಓದ್ತಿದೀರಲ್ಲ, ಬಂದು ನೋಡ್ರಪ್ಪ" ಅಂದರು.

ನಮ್ಮ ಪ್ಲಾನ್ ಸರಳ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ ಬೂಟ್ ಮಾಡೋದು, ಹಾರ್ಡ್ ಡಿಸ್ಕ್ ಮುಟ್ಟದೆ ಫೈಲುಗಳನ್ನ ಹೊರಗೆ ತೆಗೆಯೋದು. ನಂಜನಗೂಡಿನ ಮನೆಯಲ್ಲೇ ಐಎಸ್‌ಒ ಬಿಚ್ಚಿ, ಒಳಗಿನ ಫೈಲುಗಳನ್ನೆಲ್ಲ FAT32 ಪೆನ್‌ಡ್ರೈವಿಗೆ ಕಾಪಿ ಮಾಡಿದೆವು. ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಚೆನ್ನಾಗಿ ಬೂಟ್ ಆಯ್ತು. ಗೆದ್ವಿ ಅಂತ ಬಸ್ ಹತ್ತಿದೆವು.

ನರಸೀಪುರದಲ್ಲಿ ಅದೇ ಪೆನ್‌ಡ್ರೈವ್ ಹಾಕಿದರೆ ಕಂಪ್ಯೂಟರ್ ತಿರುಗಿಯೂ ನೋಡಲಿಲ್ಲ. ಸೀದಾ ವಿಂಡೋಸ್ ಲೋಗೋ, ಮತ್ತೆ ರೀಸ್ಟಾರ್ಟ್. ಬಯಾಸ್‌ಗೆ ಹೋಗಿ ಬೂಟ್ ಆರ್ಡರ್ ಬದಲಿಸಿ ಸೇವ್ ಮಾಡಿದೆವು. ಮೇನ್ ಸ್ವಿಚ್ ಆಫ್ ಮಾಡಿ, ಮುಂದಿನ ಪೋರ್ಟಿಂದ ಹಿಂದಿನ ಪೋರ್ಟಿಗೆ ಹಾಕಿ, ಮತ್ತೆ ಆನ್ ಮಾಡಿದೆವು. ಅದೇ ಲೋಗೋ. ಇನ್ನೊಂದು ಪೆನ್‌ಡ್ರೈವಿಗೆ ಹಾಗೇ ಕಾಪಿ ಮಾಡಿ ಹಾಕಿದೆವು. ಅದೇ ಕಥೆ. ಹೊರಗೆ ಜೆರಾಕ್ಸಿಗೆ ಬಂದವರು ನಿಂತು ನಮ್ಮನ್ನೇ ನೋಡ್ತಿದ್ದರು. ಮಧ್ಯಾಹ್ನ ಆಗೋಷ್ಟರಲ್ಲಿ ನಮ್ಮ ಬಾಯಲ್ಲೂ "ಫಾರ್ಮ್ಯಾಟೇ ಮಾಡೋದು" ಅನ್ನೋ ಮಾತು ಬರೋದರಲ್ಲಿತ್ತು.

ಆಗ ಮಾವ ಕೇಳಿದರು: "ಅಲ್ರಪ್ಪ, ನಿಮ್ಮ ಲ್ಯಾಪ್‌ಟಾಪಲ್ಲಿ ಓಡ್ತದೆ, ಇದರಲ್ಲಿ ಓಡಲ್ಲ. ಎರಡಕ್ಕೂ ಏನ್ ವ್ಯತ್ಯಾಸ? ಸ್ವಲ್ಪ ನಂಗೂ ಅರ್ಥ ಆಗೋ ಹಾಗೆ ಹೇಳಿ."

ಹೇಳೋಕೆ ಹೋದರೆ ಬಾಯಿ ತುಂಬ ಇಂಗ್ಲಿಷೇ. ಫರ್ಮ್‌ವೇರು, ಪಾರ್ಟಿಷನ್ನು, ಲೋಡರ್ರು. ಮಾವ ತಲೆ ಅಲ್ಲಾಡಿಸಿದರು. ಸರಿ, ಮೊದಲಿಂದ ಕನ್ನಡದಲ್ಲಿ ಶುರು ಮಾಡಿದೆವು. "ಕರೆಂಟ್ ಕೊಟ್ಟಾಗ ಕಂಪ್ಯೂಟರಿಗೆ ಏನೂ ಗೊತ್ತಿರಲ್ಲ ಮಾವ. ಬೋರ್ಡಿನ ಮೇಲೆ ಒಂದು ಚಿಪ್ ಇದೆ, ಅದರೊಳಗಿನ ಸಣ್ಣ ಪ್ರೋಗ್ರಾಂ ಮೊದಲು ಏಳುತ್ತೆ. ಅದು ಯಾವುದನ್ನ ಮೊದಲು ನೋಡ್ಬೇಕು, ಯಾವುದನ್ನ ಆಮೇಲೆ ನೋಡ್ಬೇಕು ಅಂತ ಒಂದು ಪಟ್ಟಿ ಇರುತ್ತೆ."

"ನಂಜನಗೂಡು ದೊಡ್ಡಜಾತ್ರೆ ಇದ್ದಂಗೆ," ಅಂದರು ಮಾವ. "ಐದು ತೇರಿದ್ರೂ ಗಣಪತಿ ತೇರೇ ಮೊದಲು ಹೊರಡ್ಬೇಕು."

"ಹೂಂ, ಅದೇ. ಆ ಪಟ್ಟಿನ ನಾವು ಬದಲಾಯಿಸಿದೀವಿ."

"ಬದಲಾಯಿಸಿದ್ದು ನಿಂತಿದೆಯಾ?"

ಇದನ್ನ ನಾವು ನೋಡೇ ಇರಲಿಲ್ಲ. ಬಯಾಸ್ ತೆರೆದರೆ ಪಟ್ಟಿ ಮೊದಲಿನಂತೇ ಇದೆ, ಹಾರ್ಡ್ ಡಿಸ್ಕೇ ಮುಂದೆ. ಗಡಿಯಾರ ಯಾವುದೋ ಹಳೇ ವರ್ಷದ ಜನವರಿ 1 ತೋರಿಸ್ತಿದೆ. ಬೋರ್ಡಿನ ಮೇಲಿನ ಬಟನ್ ಸೆಲ್ ಸತ್ತಿತ್ತು. ಮೇನ್ ಆಫ್ ಮಾಡಿದಾಗಲೆಲ್ಲ ನಮ್ಮ ಸೆಟ್ಟಿಂಗ್ ಅಳಿಸಿಹೋಗ್ತಿತ್ತು. ವಾಚ್ ಅಂಗಡಿಯಿಂದ CR2032 ಸೆಲ್ ತಂದು ಹಾಕಿದೆವು. ಈಗ ಲೋಗೋ ಬರಲಿಲ್ಲ. ಕಪ್ಪು ಸ್ಕ್ರೀನು, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಅಷ್ಟೇ. ಆದರೆ ತಪ್ಪು ಬದಲಾಗಿದೆ ಅಂದ್ರೆ ನಾವು ಒಂದು ಹೆಜ್ಜೆ ಮುಂದೆ ಬಂದಿದೀವಿ ಅಂತ ಅರ್ಥ.

"ಸರಿ, ಆಮೇಲೆ?" ಅಂದರು ಮಾವ.

"ಹಳೇ ಬಯಾಸ್ ಆದ್ರೆ ಡ್ರೈವಿನ ಮೊಟ್ಟಮೊದಲ 512 ಬೈಟ್ ಓದುತ್ತೆ. ಅಲ್ಲಿ ಬರೆದಿರೋ ಕೋಡ್ ಹೇಳಿದ ಹಾಗೆ ಕೇಳುತ್ತೆ. ಫೈಲು, ಫೋಲ್ಡರು ಅಂದ್ರೆ ಅದಕ್ಕೆ ಗೊತ್ತೇ ಇಲ್ಲ. ಹೊಸ ಲ್ಯಾಪ್‌ಟಾಪಲ್ಲಿ ಯುಇಎಫ್‌ಐ ಇರುತ್ತೆ. ಅದಕ್ಕೆ ಫೈಲ್ ಓದೋಕೆ ಬರುತ್ತೆ, ಇಎಫ್‌ಐ ಅನ್ನೋ ಫೋಲ್ಡರ್ ಹುಡುಕಿ..."

ಅಲ್ಲಿಗೆ ನಾವಿಬ್ಬರೂ ಒಟ್ಟಿಗೆ ನಿಲ್ಲಿಸಿದೆವು. ನಾವು ಮಾಡಿದ್ದು ಬರೀ ಫೈಲ್ ಕಾಪಿ. ಆ ಮೊದಲ 512 ಬೈಟಿನಲ್ಲಿ ಲಿನಕ್ಸ್‌ನ ಕೋಡೇ ಬರೆದಿರಲಿಲ್ಲ. ಲ್ಯಾಪ್‌ಟಾಪಿಗೆ ಅದು ಬೇಕಾಗಿರಲಿಲ್ಲ, ಮಾವನ ಹಳೇ ಕಂಪ್ಯೂಟರಿಗೆ ಅದೇ ಬೇಕಿತ್ತು. ಎರಡನೇ ಪೆನ್‌ಡ್ರೈವಿನಲ್ಲೂ ಅದೇ ತಪ್ಪನ್ನ ಮತ್ತೊಮ್ಮೆ ಮಾಡಿದ್ದೆವು.

ರೂಫಸ್ ಇಳಿಸಿಕೊಂಡು, ಪಾರ್ಟಿಷನ್ ಸ್ಕೀಮ್ ಎಂಬಿಆರ್ ಇಟ್ಟು, ಪೆನ್‌ಡ್ರೈವ್ ಹೊಸದಾಗಿ ಬರೆದೆವು. ಈ ಸಲ ಮಿಂಟ್ ಎದ್ದಿತು. ನಿಧಾನವಾಗಿ, ಆದರೆ ಎದ್ದಿತು. ಹಾರ್ಡ್ ಡಿಸ್ಕ್ ಕಾಣಿಸಿತು, ಫೈಲುಗಳೂ ಇದ್ದವು.

ಸಮಾರಾಧನೆ ಕಾರ್ಡಿನ ಫೈಲ್ ತೆರೆದರೆ ಪೂರ್ತಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಮಾವನ ಮುಖ ಬಿಳಿಚಿತು. "ಎಲ್ಲಾ ಹೋಯ್ತಾ?" ಹೋಗಿರಲಿಲ್ಲ. ಅದು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣಲ್ಲ. ಅದೇ ಡಿಸ್ಕಿನ ವಿಂಡೋಸ್ ಫಾಂಟ್ಸ್ ಫೋಲ್ಡರಿಂದ ನುಡಿ ಫಾಂಟುಗಳನ್ನ ಮಿಂಟಿಗೆ ಹಾಕಿ ಮತ್ತೆ ತೆರೆದೆವು. ತೀರಿಕೊಂಡವರ ಹೆಸರು ಸ್ಕ್ರೀನಿನ ಮೇಲೆ ಕನ್ನಡದಲ್ಲಿ ಬಂತು. ಮಾವ ಏನೂ ಮಾತಾಡದೆ ಎರಡು ಸಲ ಪ್ರೂಫ್ ನೋಡಿದರು. ಆರು ಗಂಟೆಗೆ ಮ್ಯಾಟರ್ ಪ್ರೆಸ್ಸಿಗೆ ಹೋಯ್ತು.

ನಿಮ್ಮ ಪೆನ್‌ಡ್ರೈವೂ ಬೂಟ್ ಆಗದಿದ್ದರೆ ನಮ್ಮ ಕಡೆಯಿಂದ ಇಷ್ಟು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬದಲಿಸಿದ್ದು ನಿಂತಿದೆಯಾ ಅಂತ ತಿರುಗಿ ನೋಡಿ. ಯಂತ್ರ ಬಯಾಸೋ ಯುಇಎಫ್‌ಐಯೋ ತಿಳಿದುಕೊಂಡೇ ಪೆನ್‌ಡ್ರೈವ್ ಬರೆಯಿರಿ. ಆಗಲೂ ಆಗದಿದ್ದರೆ ಪಕ್ಕದಲ್ಲಿರೋ ಯಾರಿಗಾದರೂ ಕನ್ನಡದಲ್ಲಿ ಮೊದಲಿಂದ ವಿವರಿಸಿ. ಬಯಾಸ್, ಯುಇಎಫ್‌ಐ ಎರಡೂ ನಮಗೆ ಗೊತ್ತು ಅಂತಲೇ ಅಂದುಕೊಂಡಿದ್ದೆವು. ಮಾವನಿಗೆ ಹೇಳೋ ತನಕ ಗೊತ್ತಿರಲಿಲ್ಲ.

ಹೊರಡುವಾಗ ಮಾವ ಬಸ್ ಚಾರ್ಜು ಕೊಡೋಕೆ ಬಂದರು. ಬೇಡ ಅಂದೆವು. ಅದರ ಬದಲು ಬ್ಯಾಕಪ್ಪಿಗೆ ಒಂದು ಪೆನ್‌ಡ್ರೈವ್ ಕೊಳ್ಳಿ ಅಂದೆವು. "ಒಂದೇ ಸಾಕಾ?" ಅಂತ ಕೇಳಿದರು. ಈ ಸಲ ನಾವು ಸ್ವಲ್ಪ ಯೋಚನೆ ಮಾಡಿ, "ಎರಡು ಇರಲಿ ಮಾವ" ಅಂದೆವು.