ಬಿಚ್ಚಲು ಬರುವ ಮಂಚ

ಮನೆಗೆ ಸಾಮಾನು ಕೊಳ್ಳುವಾಗ ನಾವು ಮೊದಲು ವಿಚಾರಿಸುವುದು ಅದರ ವಯಸ್ಸನ್ನು. ಹಳೆಯದಾದರೆ ಗಟ್ಟಿ ಎಂದು ನಂಬಿದವರಿದ್ದಾರೆ. ಹಳೆಯದೆಂದರೆ ಗುಜರಿ ಎಂದು ಮೂಗು ಮುರಿಯುವವರೂ ಇದ್ದಾರೆ. ಅಜ್ಜನ ಕಾಲದ್ದು ಎಂದರೆ ಒಬ್ಬರ ಕಣ್ಣು ಅರಳುತ್ತದೆ, ಇನ್ನೊಬ್ಬರಿಗೆ ತಿಗಣೆಯ ನೆನಪಾಗುತ್ತದೆ. ಆದರೆ ರೊದ್ದಂ, ಮಡಕಶಿರಾ, ಪಾವಗಡದಂಥ ಒಣಸೀಮೆಯ ಊರಿನಲ್ಲಿ ಮನೆ ಹೂಡುವವರಿಗೆ ವಯಸ್ಸು ಅಷ್ಟೇನೂ ನೆರವಾಗುವುದಿಲ್ಲ. ಈ ಹವೆಯಲ್ಲಿ ಆ ಸಾಮಾನು ಬಾಳುತ್ತದೆಯೇ, ಕೆಟ್ಟರೆ ಬಿಚ್ಚಿ ಸರಿಮಾಡುವವರು ಊರಲ್ಲಿದ್ದಾರೆಯೇ ಎಂದು ಕೇಳಿಕೊಂಡರೆ ಸಾಕು. ಹಳೆಯದು ಬೇಕೋ ಹೊಸದು ಬೇಕೋ ಎನ್ನುವುದು ತಾನಾಗಿ ಇತ್ಯರ್ಥವಾಗುತ್ತದೆ.

ಹವೆಯ ಮಾತು ಮೊದಲು. ಹಳೆಯ ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು. ಪೆನ್ನೆ ನದಿ ರೊದ್ದಂ ಪಕ್ಕದಲ್ಲೇ ಹರಿಯುತ್ತದೆ ಎಂದು ಭೂಪಟ ಹೇಳುತ್ತದೆ. ವರ್ಷದ ಬಹುಪಾಲು ಅದರಲ್ಲಿ ಕಾಣುವುದು ಮರಳು. ಮರ ಕಡಿದಮೇಲೂ ಸುತ್ತಲಿನ ಗಾಳಿಯಿಂದ ತೇವ ಹೀರುತ್ತದೆ, ಗಾಳಿ ಒಣಗಿದಾಗ ಬಿಡುತ್ತದೆ. ಕರಾವಳಿಯ ಮಳೆಗಾಲದಲ್ಲಿ ಹದಗೊಂಡ ತೇಗದ ಹಲಗೆಯನ್ನು ಇಲ್ಲಿಯ ಏಪ್ರಿಲ್ ಬಿಸಿಲಿಗೆ ತಂದು ನಿಲ್ಲಿಸಿದರೆ ಅದು ಕುಗ್ಗಲೇಬೇಕು. ಕುಗ್ಗುವುದು ಉದ್ದದಲ್ಲಲ್ಲ, ಅಗಲದಲ್ಲಿ. ಎರಡಡಿ ಅಗಲದ ಹಲಗೆ ಅರ್ಧ ಸೆಂಟಿಮೀಟರು ಕಿರಿದಾದರೂ ಆಶ್ಚರ್ಯಪಡಬೇಕಿಲ್ಲ. ನಾಲ್ಕೂ ಕಡೆ ಮೊಳೆ ಹೊಡೆದು ಬಿಗಿದಿದ್ದರೆ ಅದು ನಡುವೆ ಸೀಳುತ್ತದೆ. ಹಳೆಯ ಬಾಗಿಲು ಮಾಡಿದ ಆಚಾರಿಗಳಿಗೆ ಇದು ಗೊತ್ತಿತ್ತು. ಚೌಕಟ್ಟಿನ ಒಳಅಂಚಿನಲ್ಲಿ ಜಾಡು ತೋಡಿ, ನಡುವಿನ ಹಲಗೆಯನ್ನು ಅಂಟಿಲ್ಲದೆ, ಮೊಳೆಯಿಲ್ಲದೆ ಅದರೊಳಗೆ ಸಡಿಲವಾಗಿ ಕೂರಿಸುತ್ತಿದ್ದರು. ಬೇಸಿಗೆಯಲ್ಲಿ ಹಲಗೆ ಕುಗ್ಗಿ ಅಂಚಿನಲ್ಲಿ ಬಣ್ಣವಿಲ್ಲದ ಒಂದು ಗೆರೆ ಇಣುಕುತ್ತಿತ್ತು, ಶ್ರಾವಣದಲ್ಲಿ ಮುಚ್ಚಿಕೊಳ್ಳುತ್ತಿತ್ತು. ಅಂಗಡಿಯಲ್ಲಿ ಆ ಗೆರೆ ಕಂಡವರು ಅದನ್ನು ದೋಷವೆಂದು ಎಣಿಸಿ ಬೆಲೆ ಇಳಿಸಲು ನೋಡುತ್ತಾರೆ. ನಾನಾದರೆ ಅದೇ ಗೆರೆಗೆ ನೂರು ರೂಪಾಯಿ ಹೆಚ್ಚು ಕೊಟ್ಟೇನು.

ಇನ್ನು ಬಿಚ್ಚುವ ಮಾತು. ನಮ್ಮ ಕಡೆಯ ನುಲಿಮಂಚವನ್ನು ಹತ್ತಿರದಿಂದ ನೋಡಬೇಕು. ನಾಲ್ಕು ಕಾಲು, ನಾಲ್ಕು ಪಟ್ಟಿ. ಕಾಲಿನ ತಲೆಯಲ್ಲಿ ಕೊರೆದ ಎರಡು ತೂತಿಗೆ ಎರಡು ಪಟ್ಟಿಯ ತುದಿ ಬಂದು ಕೂರುತ್ತದೆ. ಅಂಟು ಇಲ್ಲ. ಇಡೀ ಚೌಕಟ್ಟನ್ನು ಬಿಗಿಹಿಡಿಯುವುದು ಹೆಣೆದ ಹಗ್ಗದ ಸೆಳೆತವೇ. ಮಲಗಿದವರ ಭಾರ ಬಿದ್ದಷ್ಟೂ ಕೀಲು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಕಾಲ ಕಡೆ ಹೆಣಿಗೆಯನ್ನು ಪಟ್ಟಿಯವರೆಗೆ ಒಯ್ಯದೆ ಒಂದು ಗೇಣು ಬಿಟ್ಟು, ಅಲ್ಲಿ ಬೇರೊಂದು ಹುರಿ ಹಾಯಿಸಿರುತ್ತಾರೆ. ಮಂಚ ಜೋಲುಬಿದ್ದರೆ ಆ ಹುರಿಯನ್ನು ಎಳೆದು ಬಿಗಿದರಾಯಿತು, ಅದಕ್ಕೆ ಆಚಾರಿಯೂ ಬೇಡ. ಮರ ಕುಗ್ಗಲಿ, ಹಗ್ಗ ಸಡಿಲವಾಗಲಿ, ಎರಡಕ್ಕೂ ಮದ್ದು ಮಂಚದಲ್ಲೇ ಇದೆ. ಹಳೆಯ ಕುರ್ಚಿ ಮೇಜುಗಳ ಕಥೆಯೂ ಬಹುಮಟ್ಟಿಗೆ ಇದೇ. ಅವುಗಳಿಗೆ ಹಾಕುತ್ತಿದ್ದ ಸರೇಸು ಬಿಸಿನೀರು ತಾಗಿದರೆ ಮೆತ್ತಗಾಗುತ್ತದೆ. ಕೀಲು ಬಿಡಿಸಿ, ಕೆರೆದು, ಮತ್ತೆ ಕೂರಿಸಬಹುದು. 1959ರಲ್ಲಿ ಬಂದ ಫೆವಿಕಾಲ್ ಕೆಲಸವನ್ನು ಸಲೀಸು ಮಾಡಿತು, ನಿಜ. ಆದರೆ ಅದರಿಂದ ಬಿಗಿದ ಕೀಲು ಸುಲಭಕ್ಕೆ ಬಿಡುವುದಿಲ್ಲ. ಬಿಡಿಸಹೋದರೆ ಮರವೇ ಕಿತ್ತು ಬರುತ್ತದೆ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ವಾರ್ಡ್‌ರೋಬಿಗಂತೂ ಆ ಮಾತೇ ಇಲ್ಲ. ಬಾಗಿಲಿನ ತಿರುಪು ಒಮ್ಮೆ ಕಿತ್ತುಬಂದರೆ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದಿಲ್ಲ, ನೆಲ ಒರೆಸಿದ ನೀರು ನಾಲ್ಕು ದಿನ ಬುಡಕ್ಕೆ ತಾಗಿದರೆ ಊದಿಕೊಳ್ಳುತ್ತದೆ.

ಹಾಗಾದರೆ ಹಳೆಯದನ್ನೇ ಕೊಳ್ಳಿ ಎಂದಂತಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲೇ ತೊಡಕಿರುವುದು. ಈ ಸೀಮೆಯ ಹಳೆಯ ಮನೆಗಳಲ್ಲಿ ಸಾಮಾನು ಇದ್ದದ್ದೇ ಕಡಿಮೆ. ಕಲ್ಲುಮಣ್ಣಿನ ದಪ್ಪ ಗೋಡೆ, ತೊಲೆ ಜಂತೆಯ ಮೇಲೆ ಮಣ್ಣಿನ ಮಾಳಿಗೆ. ದೀಪಕ್ಕೆ, ಡಬ್ಬಕ್ಕೆ ಗೋಡೆಯಲ್ಲೇ ಗೂಡು, ಕೂರಲು ಜಗಲಿ, ಕಾಳಿಗೆ ಹಗೇವು, ವಾಡೆ, ಬಟ್ಟೆಗೆ ತೊಲೆಯಿಂದ ಇಳಿಬಿಟ್ಟ ಗಳ. ಮರದಲ್ಲಿ ಮಾಡಿದ್ದು ಎಂದರೆ ಮಂಚ, ಮಣೆ, ತೊಟ್ಟಿಲು, ಒಂದು ಪೆಟ್ಟಿಗೆ. ಉಳ್ಳವರ ಮನೆಯಲ್ಲಿ ಹೆಚ್ಚೆಂದರೆ ಒಂದು ಮೇಜು, ಎರಡು ಕೈಕುರ್ಚಿ, ಒಂದು ಉಯ್ಯಾಲೆ. ಇಂದು ಆಂಟಿಕ್ ಎಂದು ಬೆಂಗಳೂರಿನ ಅಂಗಡಿಗಳಲ್ಲಿ ನಿಲ್ಲುವ ಕೆತ್ತನೆಯ ಕಂಬ, ಕಂಚಿನ ಗುಬ್ಬಿಯ ಬಾಗಿಲುಗಳಲ್ಲಿ ಬಹಳಷ್ಟು ಚೆಟ್ಟಿನಾಡು, ಕೇರಳದ ದೊಡ್ಡ ಮನೆಗಳದ್ದು. ಅವನ್ನು ಹಿಂದೂಪುರದ ಇಪ್ಪತ್ತು ಮೂವತ್ತರ ಸೈಟಿನ ಮನೆಗೆ ತಂದರೆ ಮೆಟ್ಟಿಲ ತಿರುವಿನಲ್ಲಿ ಮೊದಲ ಜಗಳ, ಹಜಾರದಲ್ಲಿ ಎರಡನೆಯದು. ಮೂರನೆಯ ಜಗಳ ಹವೆಯ ಜೊತೆಗೆ. ಜೊತೆಗೆ ಕಾನೂನಿನ ಮಾತೂ ಇದೆ: 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ, ನೂರು ವರ್ಷ ದಾಟಿದ್ದರೆ ಕಟ್ಟಡದಿಂದ ಕಿತ್ತ ಭಾಗವೂ ಪ್ರಾಚೀನ ವಸ್ತುವೇ, ಅಮೆರಿಕದಲ್ಲಿರುವ ಮಗನ ಮನೆಗೆ ಅದನ್ನು ಸಾಗಿಸುವ ಹಕ್ಕು ಖಾಸಗಿಯವರಿಗಿಲ್ಲ. ಹೇಳಿದಷ್ಟು ವಯಸ್ಸು ಆಗಿದೆಯೇ ಎಂದು ತಿಳಿಯಲು ಸಾಮಾನಿನ ಮುಖ ನೋಡಬಾರದು, ಬೆನ್ನು ನೋಡಬೇಕು. ಡ್ರಾಯರಿನ ತಳದಲ್ಲಿ ಪ್ಲೈವುಡ್ ಇದ್ದರೆ, ಮೂಲ ಕೀಲಿನಲ್ಲೇ ತಲೆಯ ಮೇಲೆ ಪ್ಲಸ್ ಗುರುತಿನ ತಿರುಪು ಇದ್ದರೆ, ವಿಕ್ಟೋರಿಯಾ ರಾಣಿಯ ಕಾಲದ್ದು ಎಂಬ ಮಾತನ್ನು ಅಲ್ಲಿಗೇ ಬಿಡಬಹುದು. ಆ ತಿರುಪು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ.

ಹಳೆಯ ಮರ ಗಟ್ಟಿ ಎನ್ನುವ ವಾದದಲ್ಲಿ ಅರ್ಧ ನಿಜವಿದೆ. ಕಾಡಿನಲ್ಲಿ ನಿಧಾನವಾಗಿ ಬೆಳೆದ ತೇಗ, ಬೀಟೆ, ಹೊನ್ನೆಯ ಕೆಚ್ಚು ಇಂದಿನ ಎಳೆಯ ನೆಡುತೋಪಿನ ಮರದಲ್ಲಿ ಸಿಗುವುದು ಕಷ್ಟ. ಆದರೆ ಗಟ್ಟಿತನ ಕೆಚ್ಚಿನದು, ವಯಸ್ಸಿನದಲ್ಲ. ಹೊರಪದರದ ಬಿಳಿಯ ಮರವನ್ನು ಸೇರಿಸಿ ಕೊಯ್ದಿದ್ದರೆ ನೂರು ವರ್ಷದ ಬೀರುವಿಗೂ ಹುಳು ಬೀಳುತ್ತದೆ. ಬೆರಳಿನಿಂದ ತಟ್ಟಿದಾಗ ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಇನ್ನೂ ಒಳಗೆ ಸಂಸಾರ ಮಾಡುತ್ತಿದೆ ಎಂದು ಅರ್ಥ. ಅಂಥದ್ದನ್ನು ಕೊಳ್ಳುವವರು ಮನೆಯ ಉಳಿದ ಮರದ ಸಾಮಾನಿಗೂ ಹುಳುವನ್ನು ಕೊಂಡಂತೆ. ಈ ಸೀಮೆಯಲ್ಲಿ ಹುಡುಕುವುದೇ ಆದರೆ ನಾನು ಬೀಟೆಯನ್ನು ಹುಡುಕುವುದಿಲ್ಲ, ಬೇವನ್ನು ಹುಡುಕುತ್ತೇನೆ. ಮಾಳಿಗೆ ಮನೆ ಕೆಡವುವಾಗ ಸಿಗುವ ಬೇವಿನ ತೊಲೆ, ಜಾಲಿಯ ಕಂಬ ಇದೇ ಹವೆಯಲ್ಲಿ ಕುಗ್ಗುವಷ್ಟು ಕುಗ್ಗಿ, ಸೀಳುವಷ್ಟು ಸೀಳಿ ಮುಗಿಸಿವೆ. ಅದನ್ನು ಕೊಯ್ಯಿಸಿ ಹೊಸ ಮೇಜು ಮಾಡಿಸಿದರೆ ಅದು ಹಳೆಯದೋ ಹೊಸದೋ ಎಂದು ಯಾರೂ ಹೇಳಲಾರರು, ಹೇಳಬೇಕಾಗಿಯೂ ಇಲ್ಲ. ಹಳೆಯ ಮೊಳೆ ಗರಗಸದ ಹಲ್ಲು ಮುರಿಯುತ್ತದೆ ಎಂದು ಸಾಮಿಲ್ಲಿನವರು ಗೊಣಗುತ್ತಾರೆ. ಮೊದಲೇ ಮೊಳೆ ಕೀಳಿಸಿಕೊಂಡು ಹೋಗುವುದು ಒಳ್ಳೆಯದು.

ಹೊಸದರ ಪರವಾಗಿಯೂ ನ್ಯಾಯವಾಗಿ ಮಾತಾಡಬೇಕು. ಗೆದ್ದಲು ಹೆಚ್ಚಿರುವ ಕಡೆ ಬಟ್ಟೆ, ಪತ್ರ, ಒಡವೆ ಇಡಲು ಕಬ್ಬಿಣದ ಬೀರುವಿಗಿಂತ ಮೇಲಾದದ್ದು ಇನ್ನೂ ಬಂದಿಲ್ಲ. ಗೋದ್ರೆಜ್ 1923ರಲ್ಲಿ ಉಕ್ಕಿನ ಬೀರು ಮಾಡಲು ತೊಡಗಿದಮೇಲೆ ಆ ಹೆಸರೇ ಎಲ್ಲ ಕಂಪನಿಯ ಬೀರುವಿಗೂ ಅಂಟಿಕೊಂಡಿತು. ಮದುವೆಯಲ್ಲಿ ಕೊಟ್ಟ ಬೀರುವಿನ ಬಾಗಿಲು ನಲವತ್ತು ವರ್ಷವಾದರೂ ಮುಚ್ಚುತ್ತದೆ, ತುಕ್ಕು ಹಿಡಿದರೆ ಉಜ್ಜಿ ಬಣ್ಣ ಹೊಡೆಸಬಹುದು, ಬೀಗ ಕೆಟ್ಟರೆ ಬೀಗದವನು ಊರಲ್ಲೇ ಸಿಗುತ್ತಾನೆ. ಅಂದರೆ ಅದೂ ರಿಪೇರಿಯ ಪರೀಕ್ಷೆಯಲ್ಲಿ ತೇರ್ಗಡೆ. ಅಡಿಗೆಮನೆಯ ಸಿಂಕಿನ ಕೆಳಗೆ ಹಳೆಯ ಮರವನ್ನು ಹಟಕ್ಕೆ ಹಾಕುವ ಬದಲು ಐಎಸ್ 710 ಮುದ್ರೆಯ ಪ್ಲೈವುಡ್ ಹಾಕುವುದು ಜಾಣತನ. ಇನ್ನು ಬಾಡಿಗೆಯವರ ಪಾಡೇ ಬೇರೆ. ಪೆನುಕೊಂಡೆಯ ಬಳಿ 2019ರಲ್ಲಿ ಕಿಯಾ ಕಾರ್ಖಾನೆ ಶುರುವಾದಮೇಲೆ ಕೆಲಸಕ್ಕಾಗಿ ಬಂದು ಬಾಡಿಗೆಮನೆ ಹಿಡಿದವರಿಗೆ ನಾಲ್ಕಾಳು ಎತ್ತುವ ಮಂಚ ಭಾರವೇ ಸರಿ. ಬೋಲ್ಟು ಬಿಚ್ಚಿದರೆ ಟೆಂಪೊ ಹತ್ತುವ ಕಬ್ಬಿಣದ ಮಂಚ ಅವರಿಗೆ ಒಪ್ಪುತ್ತದೆ. ಬಿಚ್ಚಲು ಬರುವ ಗುಣದಲ್ಲಿ ಅದು ನುಲಿಮಂಚದ ದಾಯಾದಿಯೇ.

ಮಂಡಿಯ ಮಾತಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹಳೆಯ ಮಣೆ, ಗಿಡ್ಡ ಮಂಚಗಳು ನೆಲಕ್ಕೆ ಕೂತು ಏಳುವ ಮೈಗೆ ಆದಂಥವು. ಅರವತ್ತು ದಾಟಿದವರಿಗೆ ನೆಲದಿಂದ ಒಂದೂವರೆ ಅಡಿ ಎತ್ತರದ, ಕೈಯೂರಿ ಏಳಲು ತೋಳಿರುವ ಕುರ್ಚಿ ಬೇಕು. ಮಂಚದ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಬಹುದು. ಕಾಲು ಚಾಚಿ ಒರಗುವ ಆರಾಮಕುರ್ಚಿಯನ್ನು ಹಾಗೆ ಎತ್ತರಿಸಲು ಬರುವುದಿಲ್ಲ. ಎಷ್ಟೇ ಚೆಂದವಿರಲಿ, ಒಮ್ಮೆ ಕೂತ ಅಜ್ಜಿಯನ್ನು ಎಬ್ಬಿಸಲು ಇಬ್ಬರು ಬೇಕು. ಅಂಥ ಮನೆಗೆ ತೋಳಿರುವ ಪ್ಲಾಸ್ಟಿಕ್ ಕುರ್ಚಿಯೇ ಬರಲಿ ಎಂದರೆ ನಾನು ಎದುರಾಡುವುದಿಲ್ಲ, ಅದು ಒಡೆದರೆ ರಿಪೇರಿಯಾಗದು ಎಂದು ಗೊತ್ತಿದ್ದರೂ. ಎಲ್ಲ ಒಂದೇ ಸೆಟ್ಟಿನದಾಗಿರಬೇಕು, ಇಲ್ಲದಿದ್ದರೆ ಹಜಾರ ಸಂತೆಯಂತೆ ಕಾಣುತ್ತದೆ ಎನ್ನುವವರಿಗೆ ಹೇಳುವುದು ಇಷ್ಟೆ: ಸೆಟ್ಟು ಕೊಂಡವರ ಮನೆಯಲ್ಲೂ ಎಲ್ಲರೂ ಹೋಗಿ ಕೂರುವುದು ಯಾವುದಾದರೂ ಒಂದೇ ಕುರ್ಚಿಯ ಮೇಲೆ; ಕೊಳ್ಳುವ ಮೊದಲು ಅದು ಯಾವುದೆಂದು ನೋಡಿಕೊಂಡರೆ ಉಳಿದ ದುಡ್ಡು ಉಳಿಯುತ್ತದೆ.