ಏನಾದ್ರೂ ವಿಶೇಷಾನಾ?

ಮದುವೆಯಾಗಿ ನಾಲ್ಕು ವರ್ಷವಾದ, ಇನ್ನೂ ಮಕ್ಕಳಿಲ್ಲದ ಹೆಂಗಸು ನೆಂಟರ ಮನೆಯ ಗೃಹಪ್ರವೇಶದಲ್ಲಿ ವಾಂತಿ ಮಾಡಬಾರದು. ನಾನು ಮಾಡಿದೆ. ಎರಡನೇ ಹೋಳಿಗೆ ಅರ್ಧ ಮುಗಿದಿತ್ತು, ಎಲೆ ಬಿಟ್ಟು ಎದ್ದು ಓಡಿದೆ. ಬಾಯಿ ಮುಕ್ಕಳಿಸಿ ಹೊರಗೆ ಬಂದರೆ ಬಾಗಿಲಲ್ಲೇ ಅತ್ತೆಯ ತಂಗಿ ನಿಂತಿದ್ದರು, ಮುಖದ ತುಂಬಾ ನಗು.

"ಏನೇ, ಏನಾದ್ರೂ ವಿಶೇಷಾನಾ?"

ಅವರ ಹಿಂದೆ ನಮ್ಮತ್ತೆ. ಅವರು ಏನೂ ಕೇಳಲಿಲ್ಲ. ಆದರೆ ಅವರ ಕಣ್ಣು ನೋಡಿ ನನಗೆ ಇನ್ನೊಮ್ಮೆ ಹೊಟ್ಟೆ ತೊಳಸಿತು.

ವಿಶೇಷ ಏನಿರಲಿಲ್ಲ. ಅದು ಮೆಟ್‌ಫಾರ್ಮಿನ್. ಸಕ್ಕರೆ ಕಾಯಿಲೆಯವರು ತಗೊಳ್ಳೋ ಮಾತ್ರೆ. ನನಗೆ ಶುಗರ್ ಇಲ್ಲ, ಇರೋದು ಪಿಸಿಒಎಸ್. ಅದರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಹಾರ್ಮೋನುಗಳು ದಾರಿ ತಪ್ಪುವುದು ಸಾಮಾನ್ಯ, ಅದಕ್ಕೆ ಈ ಮಾತ್ರೆ. ಆ ವಾರವಷ್ಟೇ ಡಾಕ್ಟರಮ್ಮ ಡೋಸನ್ನು 500 ಮಿಲಿಗ್ರಾಂನಿಂದ 1000ಕ್ಕೆ ಏರಿಸಿದ್ದರು. ಬಾಯಲ್ಲಿ ಸದಾ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ ರುಚಿ. ಹೊಟ್ಟೆಯ ಕಥೆ ಹೇಳುವುದೇ ಬೇಡ. ಆಫೀಸಿಗೆ ಹೋಗೋ ದಾರಿಯಲ್ಲಿ ಯಾವ ಮೆಟ್ರೊ ಸ್ಟೇಷನ್ನಿನಲ್ಲಿ ಶೌಚಾಲಯ ಯಾವ ಕಡೆಗಿದೆ ಅಂತ ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆಮೇಲೆ ನಿಧಾನಕ್ಕೆ ಕರಗುವ ಮಾತ್ರೆ ಬರೆದುಕೊಟ್ಟರು, ಊಟದ ಮಧ್ಯೆ ನುಂಗು ಅಂದರು. ತಿಂಗಳೊಳಗೆ ಸುಮಾರಾಯಿತು. ಆ ದಿನ ಮಾತ್ರ "ಗ್ಯಾಸ್ಟ್ರಿಕ್ ಅತ್ತೆ" ಅಂದು ಕಾರು ಹತ್ತಿದೆ.

ಪಿಸಿಒಎಸ್ ಹೆಸರಲ್ಲೇ ಒಂದು ತಪ್ಪಿದೆ. ಸ್ಕ್ಯಾನಿನಲ್ಲಿ ಮುತ್ತಿನ ಸರದ ಹಾಗೆ ಕಾಣುವ ಆ ಪುಟ್ಟ ಗುಳ್ಳೆಗಳು ನಿಜವಾಗಿ ಗಡ್ಡೆಗಳಲ್ಲ. ಬೆಳೆಯಲು ಶುರುಮಾಡಿ ಅರ್ಧಕ್ಕೆ ನಿಂತುಬಿಟ್ಟ ಫಾಲಿಕಲ್‌ಗಳು. ಒಂದೂ ಪೂರ್ತಿ ಬೆಳೆಯದಿದ್ದರೆ ಅಂಡ ಹೊರಗೆ ಬರಲ್ಲ. ಒಂದನ್ನಾದರೂ ಬೆಳೆಸೋಕೆ ನನಗೆ ಕೊಟ್ಟಿದ್ದು ಲೆಟ್ರೋಜೋಲ್, 2.5 ಮಿಲಿಗ್ರಾಂ, ಮುಟ್ಟಿನ ಎರಡನೇ ದಿನದಿಂದ ಐದು ದಿನ.

ರಾತ್ರಿ ಒಂದು ಗಂಟೆಗೆ ಗೂಗಲ್ ಮಾಡಿದೆ. (ಮಾಡಬಾರದು ಅಂತ ಎಲ್ಲರಿಗೂ ಗೊತ್ತು, ಎಲ್ಲರೂ ಮಾಡ್ತಾರೆ.) ಸ್ತನ ಕ್ಯಾನ್ಸರಿನ ಔಷಧಿ. ಮಗುವಿಗೆ ತೊಂದರೆಯಾಗಬಹುದೆಂಬ ಆತಂಕದಿಂದ 2011ರಲ್ಲಿ ನಮ್ಮ ದೇಶದಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ಬಳಸದಂತೆ ನಿಷೇಧ ಹಾಕಿದ್ದರಂತೆ, 2017ರಲ್ಲಿ ತೆಗೆದರಂತೆ. ನಡುವೆ 2014ರಲ್ಲಿ ಅಮೆರಿಕದಿಂದ ಒಂದು ದೊಡ್ಡ ಅಧ್ಯಯನ ಬಂತು. ಪಿಸಿಒಎಸ್ ಇದ್ದ 750 ಹೆಂಗಸರಿಗೆ ಐದು ಸೈಕಲ್‌ವರೆಗೆ ಔಷಧಿ ಕೊಟ್ಟು ನೋಡಿದ್ದರು. ಹಳೆಯ ಕ್ಲೋಮಿಫೀನ್ ತಗೊಂಡವರಲ್ಲಿ ಶೇ. 19.1 ಮಂದಿಗೆ, ಲೆಟ್ರೋಜೋಲ್ ತಗೊಂಡವರಲ್ಲಿ ಶೇ. 27.5 ಮಂದಿಗೆ ಮಗುವಾಗಿತ್ತು. ಗಂಡ ಖುಷಿಯಾಗಿ "ನೋಡು, ಇದೇ ಬೆಸ್ಟು" ಅಂದ. ನಾನು ಮನಸ್ಸಿನಲ್ಲೇ ನೂರರಲ್ಲಿ 27.5 ಕಳೆಯುತ್ತಿದ್ದೆ.

ಲೆಟ್ರೋಜೋಲ್ ಮಾಡೋದು ಒಂದು ಸುಳ್ಳು ಹೇಳುವ ಕೆಲಸ. ಈಸ್ಟ್ರೋಜನ್ ತಯಾರಾಗುವುದನ್ನು ತಡೆಯುತ್ತೆ. ಮೆದುಳು ಗಾಬರಿಯಾಗಿ ಅಂಡಾಶಯಕ್ಕೆ "ಏಳು, ಕೆಲಸ ಮಾಡು" ಅಂತ ಹಾರ್ಮೋನು ಕಳಿಸುತ್ತೆ. ಆ ಐದಾರು ದಿನ ಮೈಗೆ ಮಾತ್ರ ಮುಟ್ಟು ನಿಲ್ಲುವ ವಯಸ್ಸು. ಎದೆಯಿಂದ ಧಗೆ ಎದ್ದು ಕಿವಿಯವರೆಗೆ ಹೋಗುತ್ತೆ. ಎ.ಸಿ. ಹಾಕಿದ ಮೀಟಿಂಗ್ ರೂಮಿನಲ್ಲಿ ಉಳಿದವರು ಜಾಕೆಟ್ ಹಾಕಿಕೊಂಡು ಕೂತಿದ್ದರೆ ನಾನು ನೋಟ್‌ಬುಕ್ಕಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ. "ಆರ್ ಯು ಓಕೆ?" ಅಂದರು ಮ್ಯಾನೇಜರು. "ಟ್ರಾಫಿಕ್ ಸರ್" ಅಂದೆ. ಬೆಂಗಳೂರಿನಲ್ಲಿ ಆ ಉತ್ತರ ಎಲ್ಲದಕ್ಕೂ ನಡೆಯುತ್ತೆ.

ಎರಡನೇ ಸೈಕಲ್‌ನ ನಾಲ್ಕನೇ ರಾತ್ರಿ ಮೈಯೆಲ್ಲಾ ಬೆವೆತು ಎಚ್ಚರವಾಯಿತು. ಎರಡೂವರೆ ಗಂಟೆ. ಅಡುಗೆಮನೆಗೆ ಹೋದರೆ ಫ್ರಿಜ್ ಬಾಗಿಲು ತೆರೆದಿತ್ತು, ಅದರ ಮುಂದೆ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಅತ್ತೆ. ಅವರಿಗೆ ಐವತ್ತೆರಡು. ನಾನೂ ಪಕ್ಕದಲ್ಲಿ ಹೋಗಿ ನಿಂತೆ. ಇಬ್ಬರೂ ತಣ್ಣನೆ ಗಾಳಿಗೆ ಮುಖ ಒಡ್ಡಿ, ಮೊಸರಿನ ಪಾತ್ರೆ ನೋಡುತ್ತಾ.

ಸ್ವಲ್ಪ ಹೊತ್ತು ನೋಡಿ ಅಂದರು, "ಇದು ನನ್ನ ವಯಸ್ಸಿಗೆ ಬರೋದು ಕಣೇ. ನಿನಗ್ಯಾಕೆ?"

ಆಮೇಲೆ ಅಡುಗೆಮನೆ ಕಟ್ಟೆಗೆ ಒರಗಿ ಎಲ್ಲಾ ಹೇಳಿದೆ. ಗೃಹಪ್ರವೇಶದ ವಾಂತಿಯನ್ನೂ. ಅವರು ಅಳಲಿಲ್ಲ, ದೇವರ ಹೆಸರೂ ಎತ್ತಲಿಲ್ಲ. "ಅವನಿಗೇನೂ ಮಾತ್ರೆ ಇಲ್ವಾ?" ಅಂತ ಕೇಳಿದರು. ಇಲ್ಲ, ರಿಪೋರ್ಟ್ ನಾರ್ಮಲ್ ಅಂದೆ. "ಹಂಗಾದ್ರೆ ಬೆಳಗ್ಗೆ ಹಾಲು, ತಿಂಡಿ ಅವನೇ ನೋಡ್ಕೊಳ್ಳಲಿ, ನೀನು ಮಲಕ್ಕೋ" ಅಂದರು.

ಇಷ್ಟೆಲ್ಲ ತಡೆದುಕೊಳ್ಳಬಹುದು. ತಡೆಯಲಾಗದ್ದು ಪ್ರೊಜೆಸ್ಟರಾನ್. ಅಂಡ ಬಿಡುಗಡೆಯಾದ ಮೇಲೆ ರಾತ್ರಿ ಒಂದೊಂದು ಕ್ಯಾಪ್ಸೂಲ್, ಎರಡು ವಾರ. ಅದರ ಅಡ್ಡಪರಿಣಾಮಗಳು: ಎದೆ ನೋವು, ಹೊಟ್ಟೆ ಉಬ್ಬರ, ತೂಕಡಿಕೆ. ಕೆಲವರಿಗೆ ವಾಕರಿಕೆ. ಮುಟ್ಟೂ ಮುಂದಕ್ಕೆ ಹೋಗಬಹುದು. ಅಂದರೆ ಬಸುರಿಯ ಲಕ್ಷಣ ಅಂತ ಅಮ್ಮಂದಿರು ಹೇಳುವ ಪಟ್ಟಿ ಪೂರ್ತಿ. "ಇದನ್ನೆಲ್ಲ ನಂಬಬೇಡಿ, ಟೆಸ್ಟನ್ನು ಮಾತ್ರ ನಂಬಿ" ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಗೊತ್ತಿದ್ದೂ ಪ್ರತಿ ತಿಂಗಳು ನಂಬಿದೆ. ಮೂರನೇ ಸಲ ಕಾಫಿ ವಾಸನೆಗೆ ಹೊಟ್ಟೆ ತೊಳಸಿದಾಗ ಆಫೀಸಿನ ಕ್ಯಾಲೆಂಡರಿನಲ್ಲಿ ಹೆರಿಗೆ ರಜೆಯ ತಿಂಗಳನ್ನೇ ಲೆಕ್ಕ ಹಾಕಿಬಿಟ್ಟಿದ್ದೆ.

ಒಂದೇ ಗೆರೆ. ಕ್ಯಾಪ್ಸೂಲ್ ನಿಲ್ಲಿಸಿದ ಮೂರನೇ ದಿನಕ್ಕೆ ಮುಟ್ಟಾಯಿತು. ಎದೆ ನೋವು, ತೂಕಡಿಕೆ ಎಲ್ಲಾ ಮಾಯ. ಅವು ಹೋದದ್ದಕ್ಕೆ ಸಮಾಧಾನವಾಗಬೇಕಿತ್ತು. ಬಚ್ಚಲಿನಲ್ಲಿ ಕೂತು, ಆ ಎದೆ ನೋವು ವಾಪಸ್ ಬರಲಿ ಅಂತ ಅತ್ತೆ.

ಸಂಜೆ ಅತ್ತೆಯ ತಂಗಿಯ ಫೋನು ಬಂತು. ಅತ್ತೆ ಹಾಲಿನಲ್ಲಿ ಕೂತು ಮಾತಾಡುತ್ತಿದ್ದರು, ನನಗೆ ಕೇಳಿಸುವಷ್ಟೇ ಜೋರಾಗಿ. "ವಿಶೇಷ ಇದ್ದಾಗ ನಾನೇ ಹೇಳ್ತೀನಿ. ಇನ್ಮೇಲೆ ನೀನು ಕೇಳ್ಬೇಡ."

ನಾಳೆ ಎರಡನೇ ದಿನ. ಬೆಳಗ್ಗೆ ಎಂಟಕ್ಕೆ ಸ್ಕ್ಯಾನ್. ಈ ಸಲ ಡೋಸ್ ಐದು ಮಿಲಿಗ್ರಾಂ.